ಬಾಯಮ್ಮನ ಹದಿನೆಂಟು ದಿನ

ದುಬೈಯ ಕರಾಮದಲ್ಲಿರುವ ನಮ್ಮ ಟೈಪಿಂಗ್ ಸೆಂಟರ್ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಈಗ ಎಲ್ಲರೂ ಮೊಬೈಲಿನಲ್ಲೇ ವೀಸಾ ಅರ್ಜಿ ತುಂಬುತ್ತಾರೆ, ನಮ್ಮನ್ನು ಕೇಳುವವರಿಲ್ಲ. ಮೂರು ವಾರದ ಹಿಂದೆ ನನ್ನ ಮೇಜಿನ ಡ್ರಾಯರ್ ಖಾಲಿ ಮಾಡಲು ಕೂತಾಗ ಸ್ಟೇಪ್ಲರ್ ಪಿನ್ನುಗಳ ಡಬ್ಬಿಯ ಕೆಳಗೆ ಒಂದು ಬಿಳಿ ಕವರ್ ಸಿಕ್ಕಿತು. ಒಳಗೆ ಎರಡು ಫೋಟೋ. ಇಲ್ಲಿಯ ಅರ್ಜಿಗಳಿಗೆ ಬೇಕಾಗುವುದಕ್ಕಿಂತ ದೊಡ್ಡ ಅಳತೆ. ಕೆನಡಾದವರು ಕೇಳುವ ಅಳತೆ. ನಗಬಾರದು ಎಂದು ಸ್ಟುಡಿಯೋದವನು ಹೇಳಿದ್ದಕ್ಕೆ ತುಟಿ ಒಳಗೆಳೆದುಕೊಂಡು, ಬೈಸಿಕೊಂಡ ಮಗುವಿನ ಹಾಗೆ ನೋಡುತ್ತಿದ್ದರು ಬಾಯಮ್ಮ.

ಫೋಟೋ ತೆಗೆಸಿದ ದಿನ ನಾನೇ ಜೊತೆಗಿದ್ದೆ. ನಾಲ್ಕು ಪ್ರತಿ ತೆಗೆಸಿ, ಎರಡನ್ನು ಅರ್ಜಿಗೆ ಅಂಟಿಸಿ, ಇನ್ನೆರಡು ಮುಂದೆ ಬೇಕಾಗಬಹುದು ಎಂದು ತೆಗೆದಿರಿಸಿದ್ದೆ. ಬೇಕಾಗಲಿಲ್ಲ...

ನಮ್ಮ ಕಡೆ, ಉಡುಪಿ ಮಂಗಳೂರಿನ ತುಳುವರು ಹಿರಿಯ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುತ್ತೇವೆ, ಗಂಡಸರನ್ನು ಪೊರ್ಬುಗಳು ಎನ್ನುತ್ತೇವೆ. ನಾನು ಒಬ್ಬಳೇ ಕೆಲಸ ಹುಡುಕಿಕೊಂಡು ದುಬೈಗೆ ಬಂದಾಗ ಕರಾಮದ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಇವರ ಫ್ಲ್ಯಾಟಿನ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಪೊರ್ಬುಗಳು ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಬಾಯಮ್ಮ ಮನೆಯಲ್ಲೇ. ಒಬ್ಬಳೇ ಮಗಳು ನರ್ಸಿಂಗ್ ಓದಿ ಕೆನಡಾಕ್ಕೆ ಹೋಗಿದ್ದಳು. ಅವಳು ಖಾಲಿ ಮಾಡಿದ ಕೋಣೆಯೇ ನನಗೆ ಸಿಕ್ಕಿದ್ದು.

ಮೊದಲ ದಿನ ಅಡುಗೆಮನೆಯ ಕಪಾಟು ತೋರಿಸುತ್ತಾ ಬಾಯಮ್ಮ ಹೇಳಿದ್ದರು, "ಈಚೆ ಪಾತ್ರೆಯಲ್ಲಿ ನಾವು ಹಂದಿ ಮಾಡುದು, ಆಚೆ ಪಾತ್ರೆ ನಿಂಗೆ. ನೀನು ಮುಟ್ಟದಿದ್ರೆ ನಂಗೆ ಬೇಜಾರಿಲ್ಲ. ಮುಟ್ಟಿದ್ರೆ ಖುಷಿ." ಆರು ತಿಂಗಳಲ್ಲಿ ನಾನು ಎರಡೂ ಕಡೆ ಕೈ ಹಾಕತೊಡಗಿದ್ದೆ. ಊರಲ್ಲಿ ಅಮ್ಮನಿಗೆ ಇಂದಿಗೂ ಗೊತ್ತಿಲ್ಲ.

ಬಾಯಮ್ಮನಿಗೆ ತಾರೀಕು ಎಂಬುದು ತಲೆಗೆ ಹೋಗುತ್ತಲೇ ಇರಲಿಲ್ಲ. ಅವರ ಲೆಕ್ಕವೆಲ್ಲ ಹಬ್ಬಗಳದ್ದು. ಗ್ಯಾಸ್ ಸಿಲಿಂಡರ್ ಬಂದದ್ದು ಮೊಂತಿ ಫೆಸ್ತಿನ, ಅಂದರೆ ತೆನೆಹಬ್ಬದ, ಎರಡು ದಿನ ಮುಂಚೆ. ಫ್ರಿಜ್ ರಿಪೇರಿಯಾದದ್ದು ಬೂದಿ ಬುಧವಾರ. ನಾನು ಅವರ ಮನೆಗೆ ಬಂದದ್ದು ಗರಿಗಳ ಭಾನುವಾರದ ಮಾರನೆಯ ದಿನ. ಯಾವ ತಾರೀಕು ಎಂದು ಕೇಳಿದರೆ, "ಅದು ನಿನ್ನ ಟೈಪಿಂಗಿನವರಿಗೆ ಬೇಕು, ದೇವರಿಗೆ ಬೇಡ" ಎನ್ನುತ್ತಿದ್ದರು.

ಮಗಳು ಅಪ್ಪ ಅಮ್ಮ ಇಬ್ಬರಿಗೂ ಕೆನಡಾದ ಖಾಯಂ ವಾಸದ ಅನುಮತಿ ಮಾಡಿಸಿದಳು. ಇಬ್ಬರೂ ಒಮ್ಮೆ ಅಲ್ಲಿಗೆ ಹೋಗಿ, ಐದು ವರ್ಷ ಅವಧಿಯ ಕಾರ್ಡ್ ಮಾಡಿಸಿಕೊಂಡು ತಿರುಗಿ ಬಂದರು. ಪೊರ್ಬುಗಳ ನೌಕರಿ ಇನ್ನೂ ಎರಡು ವರ್ಷ ಬಾಕಿ ಇತ್ತು. ಅದು ಮುಗಿಸಿ ಹೊರಡುವುದೆಂದು ಸೂಟ್‌ಕೇಸುಗಳನ್ನೂ ತಂದಿಟ್ಟಿದ್ದರು. ಅಷ್ಟರಲ್ಲಿ ಕೊರೊನಾ ಬಂತು.

ಪೊರ್ಬುಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅವರು ನಡೆದುಕೊಂಡೇ ಆಂಬುಲೆನ್ಸ್ ಹತ್ತಿದ್ದರು. ಈಸ್ಟರ್ ಮರುದಿನ ತೀರಿಕೊಂಡರು. ವಿಮಾನಗಳು ನಿಂತಿದ್ದವು, ಊರಿಗೆ ದೇಹ ಕಳಿಸುವ ಹಾಗಿರಲಿಲ್ಲ. ಜೆಬೆಲ್ ಅಲಿ ಕಡೆಯ ಕ್ರೈಸ್ತ ಸ್ಮಶಾನದಲ್ಲಿ ಮಣ್ಣು ಮಾಡಿದರು. ಬಾಯಮ್ಮನಿಗೂ ಸೋಂಕಿತ್ತು, ನನಗೂ ಇತ್ತು. ಬೀಗ ಹಾಕದಿದ್ದರೂ ಹೊರಗೆ ಕಾಲಿಡಲಾಗದ ಮನೆಯಲ್ಲಿ ನಾವಿಬ್ಬರೂ ಕೂತಿದ್ದೆವು. ಮದುವೆಯಾಗಿ ಮೂವತ್ತೆಂಟು ವರ್ಷವಾದ ಗಂಡನ ಮುಖವನ್ನು ಅವರು ಕೊನೆಗೆ ನೋಡಲಿಲ್ಲ. "ಒಂದು ಮುಷ್ಟಿ ಮಣ್ಣು ಹಾಕ್ಲಿಕ್ಕೆ ಆಗ್ಲಿಲ್ಲ ಮಗಾ" ಎಂದು ಅದೊಂದೇ ಮಾತನ್ನು ಎಷ್ಟು ದಿನ ಹೇಳಿದರೋ. ಎರಡು ವಾರ ಕಳೆದು ಹೊರಗೆ ಹೋಗಬಹುದು ಎಂದಾದ ಕೂಡಲೇ ಟ್ಯಾಕ್ಸಿಯಲ್ಲಿ ಇಬ್ಬರೂ ಹೋದೆವು. ಮರಳು ಮಿಶ್ರಿತ ಮಣ್ಣಿನ ದಿಬ್ಬ, ಅದರ ಮೇಲೊಂದು ಸಂಖ್ಯೆ. ಅಲ್ಲಿ ನಿಂತು ಅವರು ಗಂಡನಿಗೆ ಕೊಂಕಣಿಯಲ್ಲಿ ಏನೋ ಮಾತು ಕೊಟ್ಟರು. ಪ್ರತಿ ವರ್ಷ ಈಸ್ಟರ್ ಮರುದಿನ ಬರುತ್ತೇನೆ ಎಂದರಂತೆ, ಆಮೇಲೆ ಹೇಳಿದರು.

ಗಂಡನ ವೀಸಾದ ಮೇಲೆ ಇದ್ದವರು, ಇನ್ನು ಇಲ್ಲಿ ಉಳಿಯುವಂತಿರಲಿಲ್ಲ. ನವೆಂಬರ್ ಎರಡು, ಸತ್ತವರ ಹಬ್ಬದ ದಿನ, ಕೆನಡಾಕ್ಕೆ ಹೋದರು. ಫ್ಲ್ಯಾಟಿನ ಬಾಡಿಗೆ ಕರಾರು ನನ್ನ ಹೆಸರಿಗೆ ಬಂತು. ಆಮೇಲೆ ಮಾತಿನಂತೆ ಪ್ರತಿ ವರ್ಷವೂ ಬಂದರು. ಮೊಮ್ಮಗಳ ಹುಟ್ಟುಹಬ್ಬ ಮಾರ್ಚ್ ಒಂದಕ್ಕೆ. ಅದು ಮುಗಿಸಿ ಮರುದಿನವೇ ವಿಮಾನ. ತನ್ನದೇ ಆಗಿದ್ದ ಮನೆಯಲ್ಲಿ ನನ್ನ ಅತಿಥಿಯಾಗಿ ಇದ್ದು, ಈಸ್ಟರ್ ಮರುದಿನ ಸಮಾಧಿಗೆ ಹೋಗಿ, ನಂತರದ ಭಾನುವಾರ ಹಿಂದಿರುಗುವುದು.

ಪ್ರತಿ ಸಲವೂ ವಿಸಿಟ್ ವೀಸಾದ ಗೋಳು. ಒಂದು ವರ್ಷ ವೀಸಾ ಬಂದದ್ದು ವಿಮಾನ ಹೊರಡುವ ಹಿಂದಿನ ದಿನ. ಆ ವಾರ ಪೂರ್ತಿ ಅವರು ಊಟ ಮಾಡಿರಲಿಲ್ಲ ಎಂದು ಮಗಳು ಫೋನಿನಲ್ಲಿ ಬೈದಿದ್ದಳು. ಆವಾಗಿನಿಂದ ಬಾಯಮ್ಮನಿಗೆ ಕೆನಡಾದ ಪೌರತ್ವದ ಹುಚ್ಚು ಹಿಡಿಯಿತು. ಆ ದೇಶದ ಪಾಸ್‌ಪೋರ್ಟ್ ಇದ್ದವರಿಗೆ ಇಲ್ಲಿ ವಿಮಾನ ಇಳಿದ ಮೇಲೆಯೇ ವೀಸಾ ಕೊಡುತ್ತಾರೆ, ಮೊದಲೇ ಯಾರನ್ನೂ ಕೇಳಿಕೊಳ್ಳಬೇಕಾಗಿಲ್ಲ. "ಒಂದು ಸಲ ಅದು ಕೈಗೆ ಬರ್ಲಿ. ಮತ್ತೆ ಯಾರ ಹತ್ರ ಬೇಡುದೂ ಬೇಡ. ಇಳಿದು ಸೀದಾ ಇವರ ಹತ್ರ ಹೋಗುದು" ಎನ್ನುತ್ತಿದ್ದರು. ಅವರು ಪೌರತ್ವ ಬಯಸಿದ್ದು ಆ ದೇಶದಲ್ಲಿ ಉಳಿಯಲಿಕ್ಕಲ್ಲ, ಅಲ್ಲಿಂದ ಹೊರಟು ಇಲ್ಲಿಗೆ ಬರಲಿಕ್ಕೆ. ಅರ್ಜಿ ಹಾಕಲು ಐದು ವರ್ಷದೊಳಗೆ ಸಾವಿರದ ತೊಂಬತ್ತೈದು ದಿನ ಆ ನೆಲದಲ್ಲಿ ಇದ್ದಿರಬೇಕು. ಇಲ್ಲಿಗೆ ಬಂದ ಪ್ರತಿ ದಿನವೂ ಆ ಲೆಕ್ಕದಿಂದ ಕಳೆಯುತ್ತದೆ.

ನಾಲ್ಕನೇ ಸಲ ಬಂದಾಗ ಕಾರ್ಡ್ ಕಳೆಯಿತು.

ಅವರಿಗೆ ಪರ್ಸಿನ ಮೇಲೆ ನಂಬಿಕೆ ಇರಲಿಲ್ಲ. ಪರ್ಸ್ ಆದರೆ ಕದಿಯುತ್ತಾರೆ, ಪ್ಲಾಸ್ಟಿಕ್ ಚೀಲ ಯಾರಿಗೆ ಬೇಕು ಎಂಬ ವಾದ. ಈಸ್ಟರ್ ಮರುದಿನ ಮೇಣದಬತ್ತಿ, ಹೂವು, ಬೆಂಕಿಪೊಟ್ಟಣ ಇದ್ದ ಅದೇ ಚೀಲದಲ್ಲಿ ಒಂದು ಕಾಗದದಲ್ಲಿ ಸುತ್ತಿ ಕಾರ್ಡನ್ನೂ ಇಟ್ಟುಕೊಂಡಿದ್ದರು. ಬತ್ತಿ ಹಚ್ಚಿಯಾಯಿತು, ಹೂವಿಟ್ಟಾಯಿತು. ಬಾಡಿದ ಹಳೆಯ ಹೂವನ್ನೆಲ್ಲ ಆ ಚೀಲಕ್ಕೆ ತುಂಬಿ ಕಸದ ಡಬ್ಬಿಗೆ ಹಾಕಿದವಳು ನಾನು. ಮನೆಗೆ ಬಂದು ಸಂಜೆ ಚಹಾ ಕುಡಿಯುವಾಗ ಅವರಿಗೆ ಕಾರ್ಡಿನ ನೆನಪಾಯಿತು. ತಿರುಗಿ ಓಡಿದೆವು. ಡಬ್ಬಿ ಖಾಲಿಯಾಗಿತ್ತು.

ದಾರಿಯುದ್ದಕ್ಕೂ ನಾನು ಬೈದೆ. ನನ್ನ ಬಾಯಿ ಜೋರು, ಅದು ಕರಾಮಕ್ಕೆಲ್ಲ ಗೊತ್ತು. ಕಾರ್ಡನ್ನು ಯಾರಾದರೂ ಹೂವಿನ ಜೊತೆ ಇಡುತ್ತಾರಾ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, "ನೀನು ಬೈ. ಬೈದ್ರೆ ನಂಗೆ ಸ್ವಲ್ಪ ಸಮಾಧಾನ ಆಗ್ತದೆ" ಎಂದರು.

ಕಾರ್ಡ್ ಇಲ್ಲದೆ ಕೆನಡಾದ ವಿಮಾನ ಹತ್ತಿಸುವುದಿಲ್ಲ. ಒಮ್ಮೆ ಒಳಹೋಗಲು ಪ್ರಯಾಣ ಪತ್ರ ಅಂತ ಒಂದು ಕೊಡುತ್ತಾರೆ, ಅದಕ್ಕೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಐದು ವರ್ಷಗಳಲ್ಲಿ ಯಾವಾಗ ದೇಶ ಬಿಟ್ಟಿರಿ, ಯಾವಾಗ ಹಿಂದಿರುಗಿದಿರಿ ಎಂಬ ಪಟ್ಟಿ ಕೊಡಬೇಕು. ಇದೆಲ್ಲ ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡೆ. ಆ ಮೇಜಿನಲ್ಲಿ ಕೂತು ಹದಿನೈದು ವರ್ಷವಾಗಿತ್ತು. ನಮ್ಮ ಕಸುಬಿನ ಮೊದಲ ಪಾಠವೇ ಯಾವ ಖಾನೆಯನ್ನೂ ಖಾಲಿ ಬಿಡಬಾರದು ಎಂಬುದು. ಖಾಲಿ ಖಾನೆ ಕಂಡರೆ ಕೌಂಟರಿನವರು ಅರ್ಜಿ ವಾಪಸು ಎಸೆಯುತ್ತಾರೆ. ತಪ್ಪಿದ್ದರೆ ಆಮೇಲೆ ತಿದ್ದಬಹುದು, ಖಾಲಿ ಇದ್ದರೆ ಒಳಗೇ ಹೋಗದು. ನಾವೆಲ್ಲ ಹಾಗೇ ಬೆಳೆದವರು.

"ಬಾಯಮ್ಮ, ತಾರೀಕು ಹೇಳಿ."

"ಹೋಗುದು ಗೊತ್ತುಂಟಲ್ಲ, ಮಾರ್ಚ್ ಎರಡು. ತಿರುಗಿ ಬರುದು ಈಸ್ಟರ್ ಕಳ್ದ ಮೇಲಿನ ಭಾನುವಾರ. ಪ್ರತಿ ವರ್ಷ ಅದೇ."

ಹಳೆಯ ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳಿದೆ. ಹಿಂದಿನ ವರ್ಷ ಹೊಸತು ಮಾಡಿಸಿದ್ದರು, ಹಳೆಯದು ಕೆನಡಾದ ಕಪಾಟಿನಲ್ಲಿತ್ತು. ಮಗಳಿಗೆ ಫೋನ್ ಮಾಡಿ ನೋಡಿಸೋಣ ಎಂದರೆ, "ಅವಳು ಡ್ಯೂಟಿ ಮುಗ್ಸಿ ಈಗ ಮಲಗಿದ್ದಷ್ಟೆ, ಎಬ್ಬಿಸ್ಬೇಡ" ಎಂದರು. ನಾನು ಒತ್ತಾಯಿಸಲಿಲ್ಲ. ಎದುರು ಇನ್ನೂ ಆರು ಜನ ಗಿರಾಕಿಗಳು ಕೂತಿದ್ದರು... ಇಲ್ಲ, ಅದು ನೆಪ. ನಾನು ಕಾಯಬಹುದಿತ್ತು.

ನನ್ನ ಮೊಬೈಲಿನಲ್ಲಿ ಅವರನ್ನು ಮೊದಲ ವರ್ಷ ಏರ್‌ಪೋರ್ಟಿಗೆ ಬಿಟ್ಟಾಗ ತೆಗೆದ ಚಿತ್ರವಿತ್ತು. ಅದರ ತಾರೀಕು ಏಪ್ರಿಲ್ ಹನ್ನೊಂದು. ಸರಿ, ಮೂರು ವರ್ಷಕ್ಕೂ ಏಪ್ರಿಲ್ ಹನ್ನೊಂದು ಎಂದು ಬಡಿದೆ.

ಕ್ರಿಸ್‌ಮಸ್ ಪ್ರತಿ ವರ್ಷ ಇಪ್ಪತ್ತೈದಕ್ಕೆ ಬರುತ್ತದಲ್ಲ, ಅವರ ಹಬ್ಬಗಳೆಲ್ಲ ಕ್ಯಾಲೆಂಡರಿಗೆ ಮೊಳೆ ಹೊಡೆದ ಹಾಗೆ ಒಂದೇ ಕಡೆ ಇರುತ್ತವೆ ಎಂದು ನನ್ನ ತಿಳಿವಳಿಕೆ. ನಮ್ಮ ಅಷ್ಟಮಿ, ದೀಪಾವಳಿ ಯಾವಾಗ ಎಂದು ಪ್ರತಿ ವರ್ಷ ಪಂಚಾಂಗ ನೋಡಿಕೊಂಡು ಊರಿಗೆ ಟಿಕೆಟ್ ಮಾಡುವವಳು ನಾನು. ಈಸ್ಟರ್ ಕೂಡ ಚಂದ್ರನನ್ನು ನೋಡಿಕೊಂಡು ವಾರಗಟ್ಟಲೆ ಹಿಂದೆ ಮುಂದೆ ಹೋಗುವ ಹಬ್ಬ ಎಂದು, ಒಬ್ಬ ಬಾಯಮ್ಮನ ಜೊತೆ ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಬದುಕಿಯೂ, ನನಗೆ ಹೊಳೆದಿರಲಿಲ್ಲ. ಆ ವರ್ಷವೇ ಈಸ್ಟರ್ ಮಾರ್ಚಿನಲ್ಲಿ ಬಂದಿತ್ತು. ಕಣ್ಣೆದುರಿಗಿದ್ದುದನ್ನೂ ನಾನು ನೋಡಲಿಲ್ಲ.

ಪ್ರಯಾಣ ಪತ್ರಕ್ಕೆ ಎರಡು ವರ್ಷದ ವಾಸ ತೋರಿಸಿದರೆ ಸಾಕಿತ್ತು, ಹಾಗಾಗಿ ಅಲ್ಲಿ ಯಾರೂ ತಡೆಯಲಿಲ್ಲ. ಐದಾರು ವಾರ ಹಿಡಿಯಿತು, ಅಷ್ಟೆ. ಆ ವಾರಗಳಲ್ಲಿ ನಾನೇ ಕೂತು ಒಟ್ಟು ಲೆಕ್ಕ ಹಾಕಿದೆ. ಮೇ ತಿಂಗಳಲ್ಲಿ ಅಲ್ಲಿ ಇಳಿದು ಒಂದೆರಡು ದಿನ ಕಳೆದರೆ ಸಾವಿರದ ನೂರಾ ಒಂದು ದಿನ. ಆರು ದಿನ ಹೆಚ್ಚೇ ಇದೆ. ಬಾಯಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡರು.

ಆಮೇಲೆ ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಮಗಳು ಫೋನಿನಲ್ಲಿ, ಅಮ್ಮ ಬಂದ ಕೂಡಲೇ ಕಳೆದ ಕಾರ್ಡಿಗೆ ಬದಲಿ ಕಾರ್ಡ್ ಮಾಡಿಸೋಣ, ಪೌರತ್ವಕ್ಕೆ ಒಂದೆರಡು ತಿಂಗಳು ಕಾಯೋಣ ಎಂದಳು. ನಾನು ಬೇಡವೇ ಬೇಡ ಎಂದೆ. ಇಲ್ಲಿ ಒಬ್ಬರ ಹೆಸರಲ್ಲಿ ಎರಡು ಅರ್ಜಿ ಹಾಕಿದರೆ ಒಂದಕ್ಕೊಂದು ಅಡ್ಡ ನಿಂತು ಎರಡೂ ಬ್ಲಾಕ್ ಆಗುವುದನ್ನು ದಿನಾ ನೋಡುತ್ತಿದ್ದವಳು ನಾನು. ಅಲ್ಲಿಯೂ ಹಾಗೇ ಇರಬೇಕು ಎಂದುಕೊಂಡೆ. ಅಲ್ಲಿ ಅಂಥ ಅಡ್ಡಿಯೇ ಇಲ್ಲ ಎಂದು ತಿಳಿದದ್ದು ಆಮೇಲೆ. "ಕಾರ್ಡ್ ಖಲಾಸ್ ಬಾಯಮ್ಮ, ಸೀದಾ ಪೌರತ್ವಕ್ಕೇ ಹಾಕಿ. ಮುಂದಿನ ಈಸ್ಟರಿಗೆ ಪಾಸ್‌ಪೋರ್ಟ್ ಹಿಡ್ಕೊಂಡೇ ಬನ್ನಿ" ಎಂದೆ. ಅವರು ಮಗಳ ಮಾತು ಬಿಟ್ಟು ನನ್ನ ಮಾತು ಕೇಳಿದರು. ಸ್ವಂತ ಮಗಳಿಗಿಂತ ನನ್ನ ಮೇಲೆ ಜಾಸ್ತಿ ನಂಬಿಕೆ ಇತ್ತಲ್ಲ ಎಂದು ಆವತ್ತು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹೋದರು. ನಾನು ಟೈಪ್ ಮಾಡಿಕೊಟ್ಟ ಪಟ್ಟಿಯನ್ನೇ ನೋಡಿಕೊಂಡು ಮಗಳು ಅರ್ಜಿ ಸಲ್ಲಿಸಿದಳು. ಕಾಯುವುದು ಶುರುವಾಯಿತು. ಕಾರ್ಡ್ ಇಲ್ಲದ ಕಾರಣ ಬಾಯಮ್ಮ ದೇಶ ಬಿಟ್ಟು ಬಂದರೆ ಮತ್ತೆ ಅದೇ ಪ್ರಯಾಣ ಪತ್ರದ ಪಾಡು. ಅರ್ಜಿ ನಡೆಯುವಾಗ ಆ ಗಲಾಟೆ ಬೇಡ ಎಂದು ಮಗಳು ಹೊರಡಲು ಬಿಡಲಿಲ್ಲ. ಮುಂದಿನ ಈಸ್ಟರ್ ಬಂತು, ಪಾಸ್‌ಪೋರ್ಟ್ ಬರಲಿಲ್ಲ. ಆ ಸಲ ಸಮಾಧಿಗೆ ನಾನೊಬ್ಬಳೇ ಹೋಗಿ ವಿಡಿಯೋ ಕಾಲ್ ಮಾಡಿದೆ. ಬಿಸಿಲಿಗೆ ಪರದೆಯ ಮೇಲೆ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ಹತ್ರ ಹಿಡಿ, ಇನ್ನೂ ಹತ್ರ" ಎನ್ನುವ ಸ್ವರ ಮಾತ್ರ ಕೇಳುತ್ತಿತ್ತು. ನಾನು ಮಂಡಿಯೂರಿ ಮೊಬೈಲನ್ನು ಮಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದೆ.

ಅದಾಗಿ ನಾಲ್ಕು ತಿಂಗಳಿಗೆ ಅಲ್ಲಿಂದ ಕಾಗದ ಬಂತು. ಅವರು ದೇಶದೊಳಗೆ ಬಂದ ದಾಖಲೆಗೂ ಅರ್ಜಿಯಲ್ಲಿ ಬರೆದದ್ದಕ್ಕೂ ತಾಳೆಯಾಗುವುದಿಲ್ಲ, ವಿವರ ಕೊಡಿ ಎಂದು. ಮಗಳು ಅದರ ಚಿತ್ರವನ್ನು ನನಗೂ ಕಳಿಸಿದಳು, ಬೇರೇನೂ ಬರೆದಿರಲಿಲ್ಲ. ಆಗ ಮೊದಲ ಸಲ ನಾನು ಮೊಬೈಲಿನಲ್ಲಿ ಹಿಂದಿನ ವರ್ಷಗಳ ಈಸ್ಟರ್ ಯಾವಾಗ ಎಂದು ಹುಡುಕಿದೆ. ಒಂದು ವರ್ಷ ಅವರು ಹಿಂದಿರುಗಿದ್ದು ಏಪ್ರಿಲ್ ಇಪ್ಪತ್ತನಾಲ್ಕಕ್ಕೆ. ಇನ್ನೊಂದು ವರ್ಷ ಹದಿನಾರಕ್ಕೆ. ಹದಿಮೂರು ದಿನ, ಐದು ದಿನ. ಒಟ್ಟು ಹದಿನೆಂಟು. ಸಾವಿರದ ನೂರಾ ಒಂದರಲ್ಲಿ ಹದಿನೆಂಟು ಹೋದರೆ ಸಾವಿರದ ಎಂಬತ್ತಮೂರು. ಬೇಕಾದದ್ದಕ್ಕೆ ಹನ್ನೆರಡು ದಿನ ಕಡಿಮೆ. ನಾನು ಎದ್ದು ಸೆಂಟರಿನ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎರಡು ತಿಂಗಳ ನಂತರ ಅರ್ಜಿ ತಿರಸ್ಕಾರವಾಯಿತು. ಬಾಯಮ್ಮ ತಾವೇ ಫೋನ್ ಮಾಡಿದರು. ನಾನು ಹೇಳಬೇಕೆಂದೇ ಇದ್ದೆ, ದೇವರಾಣೆ. ಅಷ್ಟರಲ್ಲಿ ಅವರೇ, "ಎಂತ ಮಾಡುದು ಮಗಾ, ನಂದೇ ಮರೆವು. ಪ್ರಾಯ ಆಯ್ತು. ನಿಂಗೆ ತಪ್ಪು ತಾರೀಕು ಹೇಳಿಬಿಟ್ಟೆ" ಎಂದರು.

ಅವರು ನನಗೆ ತಾರೀಕೇ ಹೇಳಿರಲಿಲ್ಲ. ಹಬ್ಬ ಹೇಳಿದ್ದರು, ಹಬ್ಬವನ್ನು ಸರಿಯಾಗಿಯೇ ಹೇಳಿದ್ದರು. ನಾನು ಫೋನ್ ಕಿವಿಗೆ ಹಿಡಿದು, "ಇರ್ಲಿ ಬಾಯಮ್ಮ, ಎಲ್ರಿಗೂ ಆಗ್ತದೆ" ಎಂದೆ. ಎಷ್ಟು ಸಲೀಸಾಗಿ ಹೇಳಿದೆ. ಎಪ್ಪತ್ತರ ಹತ್ತಿರದ ಹೆಂಗಸಿನ ತಲೆಯ ಮೇಲೆ ನನ್ನ ತಪ್ಪನ್ನು ಹೊರಿಸಿ, ಸಮಾಧಾನವನ್ನೂ ನಾನೇ ಹೇಳಿದೆ.

ಮತ್ತೆ ಅರ್ಜಿ ಹಾಕಬಹುದಿತ್ತು. ಅಷ್ಟರಲ್ಲಿ ದಿನಗಳು ಬೇಕಾದಷ್ಟು ಕೂಡಿದ್ದವು. ಹಾಕೋಣ, ಹಾಕೋಣ ಎನ್ನುತ್ತಿರುವಾಗಲೇ ಅವರ ಹೃದಯ ಸೋಲತೊಡಗಿತು. ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿದರು. ವಿಡಿಯೋದಲ್ಲಿ ಒಮ್ಮೆ ಮಾತಾಡಿದೆವು. ಮೂಗಿಗೆ ನಳಿಗೆ ಹಾಕಿದ್ದರು. "ಇವರ ಹತ್ರ ಹೋದ್ರೆ ಹೇಳು, ನಾನು ಮರೀಲಿಲ್ಲ, ನಂಗೆ ಬರ್ಲಿಕ್ಕೆ ಆಗ್ಲಿಲ್ಲ ಅಷ್ಟೆ ಅಂತ" ಎಂದರು. ಜನವರಿಯಲ್ಲಿ ಹೋಗಿಬಿಟ್ಟರು. ಅಲ್ಲಿಯೇ, ಹಿಮ ಬಿದ್ದು ಕಲ್ಲಾದ ನೆಲವನ್ನು ಯಂತ್ರದಿಂದ ಅಗೆದು ಮಣ್ಣು ಮಾಡಿದರಂತೆ. ಗಂಡ ಇಲ್ಲಿ, ಹೆಂಡತಿ ಅಲ್ಲಿ.

ಫೋಟೋಗಳಿದ್ದ ಕವರನ್ನು ಆ ದಿನ ಏನು ಮಾಡಬೇಕೆಂದು ತಿಳಿಯದೆ ಮನೆಗೆ ತಂದೆ. ಮೊನ್ನೆ ಈಸ್ಟರಿಗೆ ಮಗಳು ಬಂದಳು. ಅವಳು ಎಂದೋ ಅಲ್ಲಿಯ ಪ್ರಜೆಯಾದವಳು. ಏರ್‌ಪೋರ್ಟಿನಲ್ಲಿ ಎಷ್ಟು ಹೊತ್ತಾಯಿತು ಎಂದು ಕೇಳಿದ್ದಕ್ಕೆ, "ಫೈವ್ ಮಿನಿಟ್ಸ್, ಅಕ್ಕ" ಎಂದಳು. ಅಂದವಳು ಮುಖ ಆ ಕಡೆ ತಿರುಗಿಸಿಕೊಂಡಳು. ಆ ಐದು ನಿಮಿಷಕ್ಕಾಗಿ ಅವಳ ಅಮ್ಮ ಪಟ್ಟ ಪಾಡು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನ ಇಬ್ಬರೂ ಸಮಾಧಿಗೆ ಹೋದೆವು. ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿಗೆ ಬತ್ತಿ ನಿಲ್ಲುತ್ತಿರಲಿಲ್ಲ. ಅವಳು ಕೈ ಅಡ್ಡ ಹಿಡಿದಳು, ನಾನು ಹಚ್ಚಿದೆ. ಅವಳು ಪ್ರಾರ್ಥನೆ ಮುಗಿಸುವವರೆಗೆ ಕಾದು ಹೇಳಿದೆ. ಆ ತಾರೀಕುಗಳನ್ನು ಅಮ್ಮ ಹೇಳಿದ್ದಲ್ಲ, ನಾನು ಹಾಕಿದ್ದು. ಬದಲಿ ಕಾರ್ಡ್ ಬೇಡ ಎಂದದ್ದೂ ನಾನೇ. ಅಮ್ಮ ತನ್ನದೇ ಮರೆವು ಎಂದುಕೊಂಡು ಹೋದರು, ನಾನು ಬಾಯಿ ಬಿಡಲಿಲ್ಲ.

ಅವಳು ಬಾಗಿ ಬತ್ತಿಯ ಸುತ್ತ ಮಣ್ಣು ಒತ್ತಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಐ ನೋ, ಅಕ್ಕ," ಎಂದಳು ಕೊನೆಗೆ. "ಲೆಟರ್ ಬಂದ ದಿನವೇ ಹಳೆ ಪಾಸ್‌ಪೋರ್ಟ್ ತೆಗ್ದು ನೋಡಿದ್ವಿ. ನಿಮ್ಮ ಪಟ್ಟಿಯಲ್ಲಿ ಮೂರು ವರ್ಷಕ್ಕೂ ಸೇಮ್ ಡೇಟ್. ಮಮ್ಮಿಗೆ ಕೂಡ್ಲೇ ಗೊತ್ತಾಯ್ತು. ಸಬ್ಮಿಟ್ ಮಾಡುವಾಗ ನಾನೂ ಚೆಕ್ ಮಾಡ್ಲಿಲ್ಲ, ಅದು ನನ್ನ ತಪ್ಪು."

"ಮತ್ತೆ ಫೋನಿನಲ್ಲಿ ನನ್ನ ಹತ್ರ..."

"ನಿಮ್ಗೆ ಹೇಳ್ಬಾರ್ದು ಅಂತ ನನ್ನಿಂದ ಪ್ರಾಮಿಸ್ ತಗೊಂಡ್ರು. ಅವಳು ಅಲ್ಲಿ ಒಬ್ಳೇ ಇರುದು, ಗೊತ್ತಾದ್ರೆ ಊಟ ಮಾಡ್ಲಿಕ್ಕಿಲ್ಲ ಅಂದ್ರು."

ನಾನು ಅಲ್ಲೇ ಪೊರ್ಬುಗಳ ಕಾಲ ಬಳಿ ಕೂತುಬಿಟ್ಟೆ. ಅಷ್ಟು ತಿಂಗಳು ಅವರಿಂದ ಬಚ್ಚಿಟ್ಟೆ ಎಂದುಕೊಂಡಿದ್ದೆ, ಬಚ್ಚಿಟ್ಟವರು ಅವರು. ಒಮ್ಮೆ ನಿಜ ಹೇಳಿ ಕ್ಷಮೆ ಕೇಳಿದ್ದರೆ ಒಂದು ಗದರಿಕೆ ಹಾಕಿ, ನಕ್ಕು ಮುಗಿಸಿಬಿಡುತ್ತಿದ್ದರು. ಕೇಳಲು ತಿಂಗಳುಗಟ್ಟಲೆ ಸಮಯವಿತ್ತು. ಕೇಳಲಿಲ್ಲ. ಇನ್ನು ಕೇಳಲು ಅವರು ಇರುವ ಜಾಗಕ್ಕೆ ನಾನು ಹೋಗಬೇಕು. ನನ್ನದು ಭಾರತದ ಪಾಸ್‌ಪೋರ್ಟ್, ಅದರಲ್ಲಿರುವ ದುಬೈ ವೀಸಾವೂ ನಮ್ಮ ಸೆಂಟರ್ ಮುಚ್ಚುವುದರ ಜೊತೆಗೇ ರದ್ದಾಗುತ್ತದೆ. ಕೆಲಸವಿಲ್ಲದ ಒಂಟಿ ಹೆಂಗಸಿಗೆ ಒಂದು ಸಮಾಧಿ ನೋಡಲೆಂದು ಆ ದೇಶದವರು ವೀಸಾ ಕೊಡುವುದು ಅನುಮಾನ. ಆದರೂ ನಿನ್ನೆ ಅರ್ಜಿ ತೆರೆದು ಕೂತೆ. ಭೇಟಿ ಮಾಡುವ ವ್ಯಕ್ತಿಗೂ ನಿಮಗೂ ಏನು ಸಂಬಂಧ ಎಂಬ ಖಾನೆ ಬಂತು. ತುಂಬ ಹೊತ್ತು ನೋಡಿ, ಅದನ್ನು ಖಾಲಿ ಬಿಟ್ಟು ಎದ್ದೆ.